ದೊರೆಯ ಮುಂದೆ ಸಾಂಬ್ರಾಣಿ

1958ರ ನವೆಂಬರ್ 18, ಮಂಗಳವಾರ ಬೆಳಿಗ್ಗೆ ಕೊಯಿಲದ ಕಡೆಯ ಶಾಲೆಯೊಂದರ ಚರಿತ್ರೆ ಟೀಚರು ಕೌಸಲ್ಯಾ ಠಾಣೆಗೆ ಬಂದು ದೂರು ಕೊಟ್ಟರು. ಬಾವಿ ತೋಡುವಾಗ ಸಿಕ್ಕಿದ ರೋಮ್ ದೇಶದ ಚಿನ್ನದ ನಾಣ್ಯವೊಂದನ್ನು, ಸರಕಾರದವರು ಬಂದು ಒಯ್ಯುವವರೆಗೆ ಇರಲೆಂದು, ಶಾಲೆಯ ಕಪಾಟಿನಲ್ಲಿ ಇಟ್ಟಿದ್ದರು. ಈಗ ಅದಿಲ್ಲ. ನಿಧಿಯೆಂದರೆ ಸರಕಾರದ ಸೊತ್ತು. ಇನ್‌ಸ್ಪೆಕ್ಟರ್ ಕೃಷ್ಣಮೋಹನರು ಎಫ್‌ಐಆರ್ ಬರೆಸಿ, ದಫೇದಾರ ಮೊಯ್ದಿನಬ್ಬರನ್ನು ಜೀಪಿಗೆ ಹತ್ತಿಸಿಕೊಂಡರು.

ಮೊಯ್ದಿನಬ್ಬರ ಕಣ್ಣು ಉರಿಯುತ್ತಿತ್ತು. ಅವರ ಕೊನೆಯ ಮಗಳಿಗೆ ಜ್ವರ ಇಳಿದದ್ದು ಆ ದಿನ ಬೆಳಗಿನ ಜಾವಕ್ಕೆ.

ಶಾಲೆಯ ಕಪಾಟಿನ ಬೀಗ ಒಡೆದಿರಲಿಲ್ಲ.

"ಕೀಲಿಕೈ ಎಲ್ಲಿರ್ತದೆ?" ಮೊಯ್ದಿನಬ್ಬರು ಕೇಳಿದರು.

"ಅಲ್ಲೇ, ಮೊಳೆಯಲ್ಲಿ."

"ಹಾಗಾದ್ರೆ ಬೀಗ ಯಾಕೆ ಟೀಚರೇ, ಚಂದಕ್ಕಾ?"

"ಬಾವಿ ತೋಡಿದ ಸುಂದರನೇ ಕದ್ದಿರಬೇಕು," ಎಂದರು ಇನ್‌ಸ್ಪೆಕ್ಟರು. "ಮೊದಲು ಕಂಡವನು ಅವನೇ ಅಲ್ವಾ?"

ಮೊಯ್ದಿನಬ್ಬರು ಕಪಾಟಿನೊಳಗೆ ಬಗ್ಗಿದರು. ನಾಣ್ಯವಿದ್ದ ಡಬ್ಬಿಯ ಪಕ್ಕ ಬಾಡಿದ ಕೇಪುಳ ಹೂ, ಒಂದಿಷ್ಟು ಬೂದಿ. ಮೂಸಿದರು.

"ಸಾಂಬ್ರಾಣಿ. ಕಳ್ಳ ಪೂಜೆ ಮಾಡಿ ಹೋಗ್ತಾನಾ ಸಾರ್?" ಎಂದವರು ಟೀಚರ ಕಡೆ ತಿರುಗಿದರು. "ಈ ನಾಣ್ಯದ ಬಗ್ಗೆ ಮಕ್ಕಳಿಗೆ ಎಂತ ಹೇಳಿದ್ದೀರಿ?"

"ಇದರಲ್ಲಿ ಇರುದು ರೋಮಿನ ದೊರೆಯ ಮುಖ. ಅಲ್ಲಿ ದೊರೆಗಳನ್ನೇ ದೇವರು ಅಂತ ಕೂರಿಸ್ತಿದ್ರು. ಮೂರ್ತಿಯ ಮುಂದೆ ಒಂದು ಚಿಟಿಕೆ ಧೂಪ ಹಾಕಿದವ ಬದುಕಿದ. ಹಾಕುದಿಲ್ಲ ಅಂದ ಕ್ರೈಸ್ತರನ್ನು ಸಿಂಹಗಳ ಮುಂದೆ ಬಿಟ್ಟದ್ದೂ ಉಂಟು. ಅಷ್ಟು ಹೇಳುವಾಗ ಗಂಟೆ ಹೊಡೀತು."

"ಮಕ್ಕಳಲ್ಲದೆ ಬೇರೆ ಯಾರು ಕೇಳಿದ್ರು? ಆಗ ಜಗಲಿಯಲ್ಲಿ ಯಾರಿದ್ರು?"

"ಸೀತು ಗುಡಿಸ್ತಿದ್ಳು. ಸುಂದರನ ಹೆಂಡತಿ." ಕೌಸಲ್ಯಾರ ಸ್ವರ ಸಣ್ಣದಾಯಿತು. "ಪಾಠ ಅಲ್ಲಿಗೆ ಮುಗಿಯುದಿಲ್ಲ ದಫೇದಾರ್ರೆ. ಮುನ್ನೂರು ವರ್ಷ ಕಳೆದು ದೊರೆಯೇ ಕ್ರೈಸ್ತರ ಕಡೆ ಆದ. ಅದನ್ನು ಹೇಳಿದ್ದು ಮರುದಿನ. ಅವತ್ತು ಸೀತು ಬರ್ಲಿಲ್ಲ. ಮಗುವಿಗೆ ಜ್ವರ ಅಂತ."

ಸುಂದರನ ಗುಡಿಸಲಿನ ಹಿಂದೆ, ಕಾಸರಕದ ಮರದ ಬುಡದಲ್ಲಿ, ತೊಳೆದಿಟ್ಟ ಕಲ್ಲಿನ ಮೇಲೆ ನಾಣ್ಯವಿತ್ತು. ದೊರೆಯ ಮುಖಕ್ಕೆ ಅರಸಿನ ಮೆತ್ತಿತ್ತು. ಎದುರಿನ ತೆಂಗಿನ ಗೆರಟೆಯಲ್ಲಿ ಕೆಂಡ ಇನ್ನೂ ಹೊಗೆಯಾಡುತ್ತಿತ್ತು. ಪಂಚರನ್ನು ಕರೆಸಿ ಮಹಜರು ಬರೆದದ್ದಾಯಿತು.

"ಯಾಕೆ ಕದ್ದದ್ದು?" ಇನ್‌ಸ್ಪೆಕ್ಟರು ಕೇಳಿದರು.

"ಕದ್ದದ್ದಲ್ಲ, ಕೂರಿಸಿದ್ದು," ಎಂದಳು ಸೀತು. "ನೆಲದಲ್ಲಿ ಮಲಗಿದ್ದ ದೊರೆಯನ್ನು ಇವರು ಅಗೆದು ಎಬ್ಬಿಸಿದ್ರು. ಎಬ್ಬಿಸಿದವರು ಒಂದು ಚಿಟಿಕೆ ಧೂಪ ಹಾಕ್ಬೇಡ್ವಾ? ಶಾಲೆಯವರು ಕಪಾಟಿಗೆ ಹಾಕಿ ಬೀಗ ಜಡಿದ್ರು. ಅವತ್ತಿಂದ ಮಗುವಿಗೆ ಜ್ವರ. ಶಾಲೆಯಲ್ಲೇ ಗುಟ್ಟಾಗಿ ಹಾಕಿ ನೋಡಿದೆ, ಜ್ವರ ಬಿಡ್ಲಿಲ್ಲ. ಮತ್ತೆ ಇಲ್ಲಿಗೆ ತಂದೆ."

ಸುಂದರ ಮುಂದೆ ಬಂದ. "ನನ್ನನ್ನು ಕೊಂಡೋಗಿ. ಅಗೆದವ ನಾನು."

"ಅಗೆದದ್ದಕ್ಕೆ ಕೇಸಿಲ್ಲ ಮಾರಾಯ," ಎಂದರು ಇನ್‌ಸ್ಪೆಕ್ಟರು.

"ಸಾರ್, ಮಾಲು ಸಿಕ್ಕಿತಲ್ಲ..." ಎಂದರು ಮೊಯ್ದಿನಬ್ಬರು ಮೆಲ್ಲಗೆ.

"ಎಫ್‌ಐಆರ್ ಆಗಿದೆ ಮೊಯ್ದಿನಬ್ಬ. ನನ್ನ ಕೈಯಲ್ಲಿ ಎಂತ ಉಂಟು?" ಇನ್‌ಸ್ಪೆಕ್ಟರು ಸುಂದರನ ಕಡೆ ತಿರುಗಿ, "ಮಗುವನ್ನು ಎತ್ತಿಕೊ. ಪುತ್ತೂರು ಆಸ್ಪತ್ರೆಯಲ್ಲಿ ಇಳಿಸ್ತೇವೆ," ಎಂದರು.

ಸಂಜೆ ನಾಲ್ಕಕ್ಕೆ ಸೀತುವಿನ ದಸ್ತಗಿರಿಯಾಯಿತು. ಜೀಪಿನಲ್ಲಿ ಮಗು ಅಪ್ಪನ ತೊಡೆಯ ಮೇಲೆ ನರಳುತ್ತಿತ್ತು. ಅರಗು ಹಾಕಿ ಮೊಹರು ಮಾಡಿದ ನಾಣ್ಯದ ಬಟ್ಟೆಗಂಟು ಮುಂದಿನ ಸೀಟಿನಲ್ಲಿತ್ತು. ಸೀತುವಿನ ಕಣ್ಣು ಅದರ ಮೇಲೆಯೇ.

"ದಫೇದಾರ್ರೆ, ಇವತ್ತು ಸಂಜೆಯ ಧೂಪ ಹಾಕ್ಲಿಕ್ಕೆ ಬಾಕಿ ಉಂಟು." ಸೆರಗಿನ ಗಂಟು ಬಿಚ್ಚಿ ಸಾಂಬ್ರಾಣಿಯ ಪೊಟ್ಟಣವನ್ನು ಅವರ ಅಂಗೈಯಲ್ಲಿ ಒತ್ತಿದಳು. "ಠಾಣೆಯಲ್ಲಿ ನೀವೇ ಒಂದು ಚಿಟಿಕೆ ಹಾಕಿ. ನಿಮಗೂ ಮಕ್ಕಳುಂಟಲ್ಲ?"

ಐದು ಹೊತ್ತು ನಮಾಜು ಮಾಡುವ ಮನುಷ್ಯ ಮೊಯ್ದಿನಬ್ಬರು. ಒಂದು ಮುಖದ ಮುಂದೆ ಧೂಪ ಹಾಕುವುದು ಅವರ ಕೈಯಿಂದ ಆಗುವ ಕೆಲಸವಲ್ಲ. ಆಗುವುದಿಲ್ಲ ಎಂದು ಆ ತಾಯಿಗೆ ಹೇಳುವುದೂ ಆಗಲಿಲ್ಲ. ಇನ್ನೊಂದು ಕೈಯನ್ನು ಮಗುವಿನ ಹಣೆಯ ಮೇಲಿಟ್ಟರು. ಸುಡುತ್ತಿತ್ತು.

"ಹಾಕ್ತೀರಲ್ಲ?"

ಪುತ್ತೂರು ಬರುವವರೆಗೂ ಅವರು ಎರಡು ಕೈಯನ್ನೂ ಕದಲಿಸಲಿಲ್ಲ.