ಬಸುರಿಯ ಹೊರೆಗಲ್ಲು

“ಆ ಕಲ್ಲಿನ ಮ್ಯಾಲೆ ಮಾತ್ರ ಗಂಟು ಇಳಿಸಬ್ಯಾಡಪ್ಪ,” ಎಂದಳು ದಾರಿಬದಿಯ ಹೊಲದಲ್ಲಿ ಕೊಯ್ಲು ಮಾಡುತ್ತಿದ್ದ ಕರಿಯಕ್ಕ, ಕುಡುಗೋಲು ಹಿಡಿದ ಕೈಯನ್ನೇ ಬಿಸಿಲಿಗೆ ಅಡ್ಡ ಹಿಡಿದು. “ಇಳಿಸಿದೋರು ಬ್ಯಾರೆ ಹೊರೆ ಹೊತ್ಕಂಡು ಹೋಗವ್ರೆ.”

ಶಾಂತವೀರಪ್ಪ ನಕ್ಕ. ತುಮಕೂರಿನಲ್ಲಿ ಮಕ್ಕಳಿಗೆ ಪಾಠ ಹೇಳುವ ಮೇಷ್ಟರು ಅವನು. ಮದುವೆಯಾದ ಮೇಲೆ ಮೊದಲ ಸಲ ಹೆಂಡತಿ ಈಶ್ವರಮ್ಮನ ತವರು ಮೊಳಕಾಲ್ಮೂರಿಗೆ ಹೊರಟಿದ್ದ. ಚಳ್ಳಕೆರೆಯಲ್ಲಿ ಹತ್ತಿದ ಗಾಡಿಯ ಅಚ್ಚು ಹಿಂದಿನ ದಿನ ದಾರಿಯಲ್ಲೇ ಮುರಿದಿತ್ತು. ಯಾವುದೋ ಊರಿನ ಚಾವಡಿಯಲ್ಲಿ ಮಲಗೆದ್ದು, ಬೆಳಗಿನಿಂದ ಇಬ್ಬರೂ ಹೊಲಗಳ ನಡುವಿನ ಕಾಲುದಾರಿ ಸವೆಸುತ್ತಿದ್ದರು. ಕೊಯ್ದ ನವಣೆಯ ಕೂಳೆ ಪಾದ ಗೀರುತ್ತಿತ್ತು. ಬಾಯಿ ಒಣಗಿತ್ತು.

“ಹೆರಿಗೆಗೆ ಅಂತ ತವರಿಗೆ ಹೊಂಟ ಬಸುರಿ ಇಲ್ಲೇ ಬಿದ್ದು ಸತ್ಲು,” ಕರಿಯಕ್ಕನ ದನಿ ಇಳಿಯಿತು. “ಗಂಡ ಅವಳ ಹೆಸರಲ್ಲಿ ಈ ಹೊರೆಗಲ್ಲು ನಿಲ್ಲಿಸ್ದ. ಹೊಲದ ಜಗಳಕ್ಕೆ ದಾಯಾದಿಗಳು ಮಾಟಗಾರನ್ನ ಕರೆಸಿ, ಸತ್ತೋಳ ಜೀವಾನ ಈ ಕಲ್ಲಿಗೇ ಕಟ್ಟಿಸಿಬಿಟ್ರು.”

“ರೀ, ಸುತ್ತು ಹಾಕ್ಕಂಡು ಹೋಗಾನ,” ಎಂದಳು ಈಶ್ವರಮ್ಮ.

“ದಣಿದವರು ಹೊರೆ ಇಳಿಸಲೆಂದೇ ನಿಲ್ಲಿಸಿದ ಕಲ್ಲು ಕಣೇ ಇದು!” ಎಂದವನೇ ತಲೆಯ ಗಂಟನ್ನು ಚಪ್ಪಡಿಯ ಮೇಲೆ ಧೊಪ್ಪನೆ ಇಳಿಸಿದ. ಕರಿಯಕ್ಕ ಮುಖ ತಿರುಗಿಸಿಕೊಂಡು ಹೊಲದೊಳಕ್ಕೆ ಹೋಗಿಬಿಟ್ಟಳು.

ಕಲ್ಲು ಆ ಉರಿಬಿಸಿಲಲ್ಲೂ ತಣ್ಣಗಿತ್ತು. ಸುಟ್ಟ ಕೂದಲಿನ ವಾಸನೆ, ಅದರ ಹಿಂದೆಯೇ ಹಳಸಿದ ಅರಿಸಿನದ ವಾಸನೆ ಮೂಗಿಗೆ ಬಡಿಯಿತು. ಸ್ವಲ್ಪ ಹೊತ್ತು ಬೆನ್ನು ಒರಗಿಸಿ, ಗಂಟೆತ್ತಿ ತಲೆಗಿಟ್ಟುಕೊಂಡ. ಕುತ್ತಿಗೆ ಲಟಕ್ಕೆಂದಿತು.

ಒಂದು ಹೊಲ ದಾಟಿದರು. ಮತ್ತೊಂದು. ಗಂಟಿನಲ್ಲಿದ್ದುದು ಬಟ್ಟೆಬರೆ, ಒಂದು ಹಿತ್ತಾಳೆ ಚೊಂಬು, ಅಷ್ಟೆ. ಆದರೂ ಹೆಜ್ಜೆ ಹೆಜ್ಜೆಗೂ ಭಾರ ಏರುತ್ತಿತ್ತು. ಬಿಸಿಲಿಗೆ ಹೀಗಾಗಿದೆ ಎಂದುಕೊಂಡ. ಅಷ್ಟರಲ್ಲಿ ಬೆನ್ನ ಮೇಲೆ ಬೆಚ್ಚನೆಯ ನೀರು ಹರಿಯಿತು. ಬೆವರಲ್ಲ, ಅಂಟಂಟು, ಹಸಿ ನೆತ್ತರಿನ ನಾತ. ಹಿಂದೆ ಯಾರೋ ಏದುಸಿರು ಬಿಡುತ್ತಿದ್ದರು. ತಿರುಗಿ ನೋಡಿದರೆ ಈಶ್ವರಮ್ಮ ದೂರದಲ್ಲಿದ್ದಳು.

ಆಗ ಅವನ ಕತ್ತಿಗೆ ಏನೋ ಒದೆಯಿತು. ಪುಟ್ಟ ಕಾಲು.

ಚೀರಿ ಗಂಟನ್ನು ಎಸೆದ. ಗಂಟು ಬಿತ್ತು. ಭಾರ ಬೀಳಲಿಲ್ಲ. ಮೊಣಕಾಲು ಮಣ್ಣಿಗೆ ತಾಗಿತು. ಉಸಿರಿಲ್ಲ. ಕಣ್ಣು ಕತ್ತಲಿಟ್ಟಿತು. ಕಿವಿಯ ಬಳಿ ಒಂದು ಹೆಣ್ಣು ದನಿ, ಬಹಳ ಸುಸ್ತಾದ ದನಿ: “ಇಳಿಸಬ್ಯಾಡ. ಇನ್ನೊಂಚೂರು.”

ಈಶ್ವರಮ್ಮ ಓಡಿಬಂದಳು. ಗಂಡನ ಮುಖ ನೀಲಿಗಟ್ಟುತ್ತಿತ್ತು. ಅವಳಿಗೆ ಏನು ಕಂಡಿತೋ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವನ ಮುಂದೆ ಬೆನ್ನು ಮಾಡಿ ಕೂತಳು.

“ಬಾರಕ್ಕ,” ಎಂದಳು. “ನಾನೂ ತವರಿಗೇ ಹೊಂಟೀನಿ.”

ಬೇಡ ಎನ್ನಬೇಕಿತ್ತು ಅವನು. ಬಾಯಿ ತೆರೆದ. ಆದರೆ ಹೆಗಲು ಹಗುರಾಗುತ್ತಿತ್ತು, ಎದೆಗೆ ಗಾಳಿ ನುಗ್ಗುತ್ತಿತ್ತು, ಆ ಸುಖಕ್ಕೆ ಮಾತು ಹೊರಡಲೇ ಇಲ್ಲ. ಈಶ್ವರಮ್ಮ ನೆಲಕ್ಕೆ ಕೈಯೂರಿ ಎದ್ದಳು. ಸೊಂಟ ಬಾಗಿತ್ತು. ಮುಂದಿನ ದಾರಿಯುದ್ದಕ್ಕೂ ಅವಳು ಒಮ್ಮೆಯೂ ನಿಲ್ಲಲಿಲ್ಲ.

ಮುಸ್ಸಂಜೆಗೆ ಮೊಳಕಾಲ್ಮೂರಿನ ಬೀದಿಯಲ್ಲಿ ಮಗ್ಗಗಳ ಸದ್ದು ಕೇಳಿತು. ಕಾಲಿಗೆ ನೀರು ತಂದ ತಾಯಿ ಪಾಲಮ್ಮ ಚೊಂಬನ್ನು ಕೈಬಿಟ್ಟಳು. “ಏಮಾಯಿಂದೇ ತಲ್ಲೀ? ಏನಾತೇ?” ಎಂದು ಮಗಳನ್ನು ತಬ್ಬಲು ಹೋದವಳು, ಬೆನ್ನಿಗೆ ಕೈ ತಾಗುತ್ತಲೇ ಸುಟ್ಟುಕೊಂಡವಳಂತೆ ಹಿಂದೆ ಸರಿದಳು.

ಮಂತ್ರಗಾರರು ಬಂದರು, ತಾಯಿತ ಕಟ್ಟಿದರು, ಬೇವಿನ ಸೊಪ್ಪಿನಿಂದ ಇಳಿ ತೆಗೆದರು. ಈಶ್ವರಮ್ಮನ ಬೆನ್ನು ನೆಟ್ಟಗಾಗಲಿಲ್ಲ. ಅಂಗಾತ ಮಲಗುವುದನ್ನೇ ಅವಳು ಬಿಟ್ಟಳು. ಗೋಡೆಗೂ ಒರಗದೆ ಬಗ್ಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಶಾಂತವೀರಪ್ಪ ಮರಳಿ ತುಮಕೂರಿಗೆ ಹೋಗಲಿಲ್ಲ. ಮಾವನ ಮನೆಯಲ್ಲೇ ಉಳಿದು, ಮಗ್ಗಕ್ಕೆ ಹುರಿ ಸುತ್ತುವುದನ್ನು ಕಲಿತ.

ಒಂದು ಸಂಜೆ ತಾಳಲಾರದೆ ಅವಳ ಮುಂದೆ ಬೆನ್ನು ಮಾಡಿ ಕೂತ. “ನನಗೆ ಕೊಟ್ಟುಬಿಡು. ನಾನು ಹೊರುತ್ತೇನೆ,” ಎಂದು ಅತ್ತ.

ಈಶ್ವರಮ್ಮ ತುಟಿಗೆ ಬೆರಳಿಟ್ಟಳು. ಕೂತಲ್ಲೇ ಮೆಲ್ಲಗೆ ತೂಗುತ್ತಿದ್ದಳು.

“ಸದ್ದು ಮಾಡಬ್ಯಾಡ್ರಿ,” ಎಂದು ಪಿಸುಗುಟ್ಟಿದಳು. “ಈಗ ತಾನೆ ನಿದ್ದೆ ಹತ್ತೈತೆ. ಇಬ್ಬರಿಗೂ.”