ಯೆಹುದಿತ್ ಅವರ ಕೊನೆಯ ಅಂಕ

ನಾಟಕದ ಕೊನೆಯ ಅಂಕ ಕಳುವಾಗಿತ್ತು. ದಪ್ಪ ನೋಟ್‌ಬುಕ್ಕಿನಿಂದ ಇಪ್ಪತ್ತು ಹಾಳೆ ಕಿತ್ತ ಗುರುತು—ಹಲ್ಲು ಕಿತ್ತ ವಸಡಿನ ಹಾಗೆ. ನಾಟಕ ಬರೆದ ಯೆಹುದಿತ್ ಅವರ ಮಗ ಗಿಲಾದ್ ಅದನ್ನು ಎತ್ತಿ ತೋರಿಸಿದ, ಮುಂಬಾಗಿಲಿಗೆ ಬೀಗ ಜಡಿದ, ಹಾಳೆ ಸಿಗುವ ತನಕ ಒಂದು ನೊಣವೂ ಹೊರಗೆ ಹೋಗುವಂತಿಲ್ಲ ಎಂದ.

ಒಳಗೆ ಸಿಕ್ಕಿಬಿದ್ದವರು ನಾಲ್ವರು. ಅವರಲ್ಲೊಬ್ಬ ಚನ್ನವೀರ ಆಗಿದ್ದದ್ದು ಕಳ್ಳನ ಹಣೆಬರಹ. ಗದಗಿನ ಈ ಚನ್ನವೀರ ಹೊಟ್ಟೆಪಾಡಿಗೆ ಹ್ಯಾಮಿಲ್ಟನ್ನಿನ ಹಾಲಿನ ಕಾರ್ಖಾನೆಯಲ್ಲಿ ಪರೀಕ್ಷಕ; ಮಿಕ್ಕ ಹೊತ್ತು ದಕ್ಷಿಣ ಗೋಳಾರ್ಧದ ಅತಿ ದೊಡ್ಡ ಪತ್ತೇದಾರ. ಹಾಲು ಮೂಸಿ ಹಸುವಿನ ಹೆಸರು ಹೇಳುವವನು. ಗಣಪತಿ ಹಬ್ಬದಲ್ಲಿ ಕಾಣೆಯಾದ ಕುಕ್ಕರನ್ನು ಮೂರು ಬೀದಿ ಆಚೆಯಿಂದ ಸೀಟಿ ಕೇಳಿಯೇ ಹಿಡಿದವನು. ಇವತ್ತು ಬಂದದ್ದು ಮಾತ್ರ ಲಾಸ್ಯಾಳನ್ನು ತನ್ನ ಯೂಟ್ ಪಿಕಪ್ ಗಾಡಿಯಲ್ಲಿ ಮನೆಗೆ ಬಿಡಲು, ಅಷ್ಟೆ.

ಮೈಸೂರಿನ ಲಾಸ್ಯಾ ಇಲ್ಲಿ ಓದು ಮುಗಿಸಿ, ಯೆಹುದಿತ್ ಅವರನ್ನು ನೋಡಿಕೊಳ್ಳುವ, ಬರೆಯುವಾಗ ಪುಟ ತಿರುವಿಕೊಡುವ ಕೆಲಸಕ್ಕಿದ್ದಳು. ಮಗನನ್ನು ಬಿಟ್ಟರೆ ಮನೆಯ ಕೀಲಿ ಇದ್ದದ್ದು ಅವಳ ಹತ್ತಿರ. ಗಿಲಾದ್ ನೇರವಾಗಿ ಅವಳತ್ತಲೇ ಬೆರಳು ಮಾಡಿದ. ಪೊಲೀಸರಿಗೆ ದೂರು ಹೋದರೆ ಕೆಲಸ ಹೋಯಿತು. ಕೆಲಸ ಹೋದರೆ ವೀಸಾ ಹೋಯಿತು.

"ನಾನ್ ಮುಟ್ಟಿಲ್ಲ ಅಂಕಲ್," ಎಂದಳು ಅವಳು.

"ಹೆದರಬ್ಯಾಡವಾ. ನಾ ಅದೀನಿ."

ಎಂಬತ್ತೆರಡರ ಯೆಹುದಿತ್ ಕಿಟಕಿಯ ಬಳಿ ಬಂಡೆಯಂತೆ ಕೂತಿದ್ದರು. ನಲವತ್ತು ವರ್ಷ ಇದೇ ಮನೆಯಲ್ಲಿ ಕೂತು ಹೀಬ್ರೂವಿನಲ್ಲಿ ಒಂಬತ್ತು ಕಾದಂಬರಿ, ಐದು ನಾಟಕ ಬರೆದವರು. ಸುತ್ತಮುತ್ತ ಕುರಿಗಳು ಕೋಟಿ. ಹೀಬ್ರೂ ಓದುವವನು ಮಗ ಒಬ್ಬನೇ. ಪ್ರತಿ ಪುಸ್ತಕವನ್ನೂ ಒಯ್ದು, ವಾರದಲ್ಲಿ ತಂದು, 'ಅದ್ಭುತ' ಎನ್ನುತ್ತಿದ್ದವನೂ ಅವನೇ. ಈಗ ಅವರ ಕಣ್ಣು ಮಸುಕು. ದಪ್ಪ ಮಾರ್ಕರಿನಲ್ಲಿ ಬರೆಯಬಲ್ಲರು, ಬರೆದದ್ದನ್ನು ಓದಲಾರರು. ನಾಳೆ ಗ್ರಂಥಾಲಯದಲ್ಲಿ ಗಿಲಾದ್ ಕೊನೆಯ ಅಂಕವನ್ನು ಗಟ್ಟಿಯಾಗಿ ಓದಬೇಕಿತ್ತು. ಕೇಳಲು ಆಕ್ಲೆಂಡಿನಿಂದ ಹೀಬ್ರೂ ಬಲ್ಲವರು ಬಸ್ಸು ತುಂಬಿ ಬರುವವರಿದ್ದರು.

ಚನ್ನವೀರ ನೋಟ್‌ಬುಕ್ ತೆರೆದ. ಮೊದಲ ಪುಟದಲ್ಲೇ ಹಳದಿ ಎಣ್ಣೆಕಲೆ. ಕೊನೆಯತ್ತ ಹರಿದ ಅಂಚು. ಹೀಟರ್ ಧಗಧಗ ಉರಿಯುತ್ತಿತ್ತು; ಗಿಲಾದ್ ಬೆವರುತ್ತಿದ್ದ, ಕೋಟು ಮಾತ್ರ ಬಿಚ್ಚಿರಲಿಲ್ಲ.

"ಈ ಕಲೆ ಇರುವ ಪುಟ ಯಾವ ಅಂಕದ್ದು?" ಚನ್ನವೀರ ಗಿಲಾದ್‌ನನ್ನು ಕೇಳಿದ.

"ಮೊದಲನೆಯದು. ನಾಟಕ ಶುರುವಾಗೋದೇ ಅಲ್ಲಿಂದ."

"ಓದಿದ್ದೀರಾ?"

"ಎರಡು ಸಲ."

ಚನ್ನವೀರ ಮೂಗನ್ನು ಪುಟಕ್ಕೆ ಹಚ್ಚಿದ. ಹಾಲು, ಬೆಣ್ಣೆ, ತುಪ್ಪದ ವಿಷಯದಲ್ಲಿ ಆ ಮೂಗು ಸುಳ್ಳು ಹೇಳಿದ್ದಿಲ್ಲ. "ಲಾಸ್ಯಾ, ಈ ಮನ್ಯಾಗ ತುಪ್ಪ ತಂದಾಕಿ ಯಾರು?"

"ನಾನೇ ಅಂಕಲ್. ಬುಧವಾರ ಅಜ್ಜಿ ನಾಟಕ ಮುಗಿಸಿದ್ರು, ಹೋಳಿಗೆ ಕೊಟ್ಟೆ. ಕೈ ಒರೆಸ್ಕೊಳ್ದೇನೇ ಕೊನೇ ಸಾಲಿನ ಕೆಳಗೆ ಹೆಬ್ಬೆಟ್ಟು ಒತ್ತಿಬಿಟ್ರು. ಅದೇ ಸಹಿ ಅಂತೆ."

ಅದನ್ನೇ ಇಂಗ್ಲಿಷಿನಲ್ಲಿ ಕೇಳಿದಾಗ ಯೆಹುದಿತ್ ಹೌದೆಂದು ತಲೆಯಾಡಿಸಿದರು.

ಚನ್ನವೀರ ಎದೆ ಉಬ್ಬಿಸಿದ. "ಹಾಗಾದರೆ ಕೊನೆಯ ಅಂಕ ಎಲ್ಲಿಗೂ ಹೋಗಿಲ್ಲ, ಇಲ್ಲೇ ಇದೆ. ಹೀಬ್ರೂ ಬಲದಿಂದ ಎಡಕ್ಕೆ; ಪುಸ್ತಕವೂ ಹಾಗೆಯೇ. ನಮ್ಮ ಕಣ್ಣಿಗೆ ಕೊನೆ ಅನ್ನಿಸುವುದು ಅವರ ಆರಂಭ. ಕಳ್ಳ ಕಿತ್ತದ್ದು ಮೊದಲ ಅಂಕ! ದಿನಾ ಅಜ್ಜಿಗೆ ಪುಟ ತಿರುವಿಕೊಡುವ ಲಾಸ್ಯಾ ಈ ತಪ್ಪು ಮಾಡಲಾರಳು. ಇದನ್ನು ಮಾಡಿದ್ದು ಇಂಗ್ಲಿಷ್ ಕೈ. ಗಿಲಾದ್, ನಾಟಕ ಮುಗಿಯುವ ಪುಟವನ್ನು ಶುರು ಅಂದಿರಿ. ನಿಮಗೆ ಹೀಬ್ರೂ ಓದಲು ಬರುವುದಿಲ್ಲ. ಕೋಟು ಬಿಚ್ಚಿ."

ಒಳಜೇಬಿನಿಂದ ಇಪ್ಪತ್ತು ಹಾಳೆ ಹೊರಬಂದವು.

"ಹತ್ತನೇ ವಯಸ್ಸಿನಲ್ಲಿ 'ಓದಿದೆ' ಅಂದೆ," ಗಿಲಾದ್ ನೆಲ ನೋಡುತ್ತ ಹೇಳಿದ. "ಅಮ್ಮ ಎಷ್ಟು ಖುಷಿಪಟ್ಟಳು ಅಂದರೆ, ಆಮೇಲೆ ಹೊರಬರೋಕೆ ದಾರಿಯೇ ಸಿಗಲಿಲ್ಲ." ಲಾಸ್ಯಾಳ ಕ್ಷಮೆ ಕೇಳಿದ.

ಯೆಹುದಿತ್ ಬಹಳ ಹೊತ್ತು ಆ ಹಾಳೆಗಳನ್ನು ತಡವಿದರು. ಆಮೇಲೆ ಮಗನ ಮುಂದೆ ಕೈ ಚಾಚಿ ಬಾಗಿಲ ಕೀಲಿ ಇಸಿದುಕೊಂಡರು, ಅದನ್ನು ಲಾಸ್ಯಾಳ ಕೈಗಿಟ್ಟರು.

"ನೀವಿಬ್ಬರೂ ಹೊರಡಿ. ಹೊರಗಿನಿಂದ ಬೀಗ ಹಾಕಿಕೊಂಡು ಹೋಗಮ್ಮ, ಬೆಳಿಗ್ಗೆ ಬಂದು ತೆಗೆ." ಮಗನತ್ತ ತಿರುಗಿದರು. "ಕೂತುಕೋ. ಹೀಬ್ರೂವಿನಲ್ಲಿ ಇರುವುದು ಇಪ್ಪತ್ತೆರಡೇ ಅಕ್ಷರ."

ನಮ್ಮಲ್ಲಿ ನಲವತ್ತೊಂಬತ್ತು ಇವೆ ಎಂದು ಹೇಳಲು ಚನ್ನವೀರನ ನಾಲಿಗೆ ತುರಿಸಿತು. ಗಿಲಾದ್‌ನ ಮುಖ ನೋಡಿ, ಜನ್ಮದಲ್ಲಿ ಮೊದಲ ಸಲ ಸುಮ್ಮನಾದ.