ಸದ್ದಿಗೆ ಮುಂಚೆ

"ಅವನ ಎಲೆಗೆ ಮೊದ್ಲು ಬಡಿಸ್ರೋ! ನಾವು ತುತ್ತು ಎತ್ತೋ ಮುಂಚೆನೇ ಎದ್ದು ಓಡೋ ಗಿರಾಕಿ ಅವನು!"

ಧರ್ಮಪ್ಪ ಮೇಸ್ತ್ರಿ ಸಾರಿನ ಬಕೆಟ್ ಹಿಡಿದು ಪಂಕ್ತಿಯ ನಡುವೆ ನಿಂತು ಕೂಗಿದ. ಅವನ ಮಗಳ ತೊಟ್ಟಿಲು ಶಾಸ್ತ್ರದ ಊಟ ಅದು. ಕಾರ್ಗಲ್ಲಿನ ಕೂಲಿ ಲೈನಿನ ಮನೆಗಳ ಮುಂದೆ ನಲವತ್ತು ಜನ ಎಲೆ ಹಾಕಿ ಕೂತಿದ್ದರು. ನಲವತ್ತು ಬಾಯಿಯೂ ಒಟ್ಟಿಗೆ ನಕ್ಕವು. ನಗದೇ ಏನು ಮಾಡುತ್ತಾರೆ, ಕೆಲಸ ಕೊಡುವ ಮೇಸ್ತ್ರಿ! ಸಾಲಿನ ಕೊನೆಯಲ್ಲಿ ಅವನ ಹೆಂಡತಿಯ ತಮ್ಮ ದುಗ್ಗಪ್ಪ ಖಾಲಿ ಎಲೆಯನ್ನೇ ನೋಡುತ್ತ ಕೂತಿದ್ದ. ಇಪ್ಪತ್ತು ವರ್ಷದವನ ಕಿವಿ ಕೆಂಡದ ಹಾಗೆ ಉರಿಯುತ್ತಿತ್ತು.

"ತೀರ್ಥಹಳ್ಳಿ ಓಟದ ಪಂದ್ಯದಲ್ಲಿ ಎಂತ ಮಾಡ್ದ ಗೊತ್ತಾ ನಿಮ್ಗೆ? ಪಿಸ್ತೂಲು ಹಾರೋ ಮುಂಚೆ ಓಡ್ದ. ಹೋಗ್ಲಿ ಪಾಪ ಅಂತ ವಾಪಸ್ ಕರೆದ್ರು. ಎರಡ್ನೇ ಸಲಾನೂ ಹಂಗೇ! ರಟ್ಟೆ ಹಿಡಿದು ಆಚೆ ಹಾಕಿದ್ರು. ಪುಕ್ಕಲ! ಇವನಿಗೆ ಪೊಲೀಸ್ ಕೆಲಸ ಬೇರೆ ಕೇಡು!"

ಒಳಗೆ ಒಲೆಯ ಮುಂದಿದ್ದ ದುಗ್ಗಪ್ಪನ ತಾಯಿ ಕೆರಿಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತೊಟ್ಟಿಲ ಪಕ್ಕದಲ್ಲಿ ಕೂತಿದ್ದ ಅಕ್ಕ ಹುಲಿಯಮ್ಮ ಕತ್ತೆತ್ತಲಿಲ್ಲ.

ತೀರ್ಥಹಳ್ಳಿಯಲ್ಲಿ ನಡೆದದ್ದು ಸುಳ್ಳಲ್ಲ. ಆದರೆ ಯಾಕೆ ನಡೆಯಿತು ಅಂತ ಆ ನಲವತ್ತು ಜನರಲ್ಲಿ ಒಬ್ಬನಾದರೂ ಕೇಳಿದನೇ? ದುಗ್ಗಪ್ಪ ಕಂಟ್ರಾಕ್ಟರನ ಕಲ್ಲುಗಣಿಯಲ್ಲಿ ಬತ್ತಿ ಹಚ್ಚುವವನು. ಬಂಡೆಯ ಕುಳಿಗೆ ಮದ್ದು ತುಂಬಿ, ಬತ್ತಿಗೆ ಬೆಂಕಿ ತಾಗಿಸಿ, ಅದು ಸಿಡಿಯುವ ಮೊದಲು ಓಡಿ ಮರೆಗೆ ಬೀಳುವುದು ಅವನ ಕೆಲಸ. ಅವನಪ್ಪ ನಿಂಗಪ್ಪನೂ ಅದನ್ನೇ ಮಾಡುತ್ತಿದ್ದ. ಒಂದು ದಿನ ಬತ್ತಿ ಗಿಡ್ಡವಾಗಿತ್ತು... ಅಪ್ಪ ಮರೆ ಮುಟ್ಟಲಿಲ್ಲ. ಆ ಬತ್ತಿ ಕತ್ತರಿಸಿ ಕೊಟ್ಟವನು ಇದೇ ಧರ್ಮಪ್ಪ! ಇಡೀ ಲೈನಿಗೆ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ವರ್ಷ ತುಂಬುವುದರೊಳಗೆ ಅದೇ ಭಾವ ಆರನೇ ಕ್ಲಾಸಿನಲ್ಲಿದ್ದ ದುಗ್ಗಪ್ಪನ ಕೈಗೆ ಬೆಂಕಿಪೊಟ್ಟಣ ಕೊಟ್ಟ. ಅಂದು ಕೆರಿಯಮ್ಮ ಮಗನ ತಲೆ ಮುಟ್ಟಿ ಆಣೆ ಹಾಕಿಸಿಕೊಂಡಿದ್ದಳು: "ಸದ್ದಿಗೆ ಮುಂಚೆ ಓಡು ಮಗಾ... ಸದ್ದು ಕೇಳೋಕೆ ಅಂತ ನಿಂತ್ರೆ ನೀನಿಲ್ಲ!"

ಆ ಆಣೆ ಅವನ ಕಾಲಿಗೆ ಇಳಿದುಬಿಟ್ಟಿತ್ತು. ಸಾಗರದ ಡ್ರಿಲ್ ಮೇಷ್ಟ್ರು ಸುಬ್ಬಯ್ಯನವರು ಗಣಿಯ ದಾರಿಯಲ್ಲಿ ಹೋಗುವಾಗ ಆ ಓಟ ಕಂಡು ಬೆರಗಾಗಿ ನಿಂತಿದ್ದರು. ಅವರೇ ಹೊಸನಗರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಬಾವುಟ ಬೀಸಿ ಓಟ ಬಿಟ್ಟರು. ಇವನು ಎಲ್ಲರಿಗಿಂತ ಮಾರು ಮುಂದೆ! ಪೊಲೀಸ್ ಇಲಾಖೆಯ ಓಟದ ತಂಡಕ್ಕೆ ಸೇರಿದರೆ ಓಡುವುದೇ ಉದ್ಯೋಗ, ತಿಂಗಳ ಸಂಬಳ, ತಾಯಿಗೊಂದು ಸೂರು ಅಂದರು. ಆದರೆ ತೀರ್ಥಹಳ್ಳಿಯಲ್ಲಿ ಪಿಸ್ತೂಲು ತಂದಿದ್ದರು. ಸದ್ದು ಬರುತ್ತದೆ ಎಂದರೆ ಸಾಕು, ದುಗ್ಗಪ್ಪನ ಕಾಲು ಅದಕ್ಕೆ ಮೊದಲೇ ಓಟ ಕಿತ್ತಿತು. ಎರಡು ಸಲ!

ಸುಬ್ಬಯ್ಯನವರು ಕಾಲಿಗೆ ಬೀಳುವುದೊಂದು ಬಾಕಿ. ಆಯ್ಕೆಗೆ ಬಂದಿದ್ದ ಪೊಲೀಸ್ ಸಾಹೇಬರು ಸಾಗರದಲ್ಲಿ ಇನ್ನೊಂದೇ ಒಂದು ಸಲ ನೋಡುತ್ತೇನೆ ಎಂದಿದ್ದರು.

ಊಟ ಮುಗಿದು ಜನ ಚದುರಿದ ಮೇಲೆ ದುಗ್ಗಪ್ಪ ಭಾವನೆದುರು ನಿಂತ.

"ಭಾವ, ಸಾಗರದ ಓಟದ ತನಕ ನಾನು ಗಣಿಗೆ ಬರಲ್ಲ."

ಧರ್ಮಪ್ಪ ಎಲೆಯಡಿಕೆ ಉಗಿದ. "ಆಯ್ತು ಮಾರಾಯ. ಗೆದ್ರೆ ನಿನ್ ದಾರಿ ನಿಂಗೆ. ಸೋತ್ರೆ ಸೋಮವಾರ ಬೆಳಿಗ್ಗೆ ಬಂದು ಬತ್ತಿ ಹಚ್ಬೇಕು. ಇಲ್ಲಾಂದ್ರೆ ನಿಮ್ಮವ್ವನ ಗಂಟುಮೂಟೆ ರಸ್ತೇಲಿರುತ್ತೆ!"

"ಅವ್ವ ನಿಮಗೂ ಅತ್ತೆ ಅಲ್ವಾ ಭಾವ?"

"ಅದಕ್ಕೇ ಸೋಮವಾರದ ತನಕ ಇಟ್ಕಳೋದು."

ಮರುದಿನ ಬೆಳಗಾಗುತ್ತಲೇ ಕೆರಿಯಮ್ಮ ಗಂಡ ಉಣ್ಣುತ್ತಿದ್ದ ಕಂಚಿನ ತಟ್ಟೆಯನ್ನೂ ಒಂದು ಸೌಟನ್ನೂ ಹಿಡಿದು ಲೈನಿನ ಹಿಂದಿನ ಬಯಲಿಗೆ ಬಂದಳು. ಮಗನನ್ನು ಗೆರೆಯ ಮೇಲೆ ಕೂರಿಸಿ ಬೆನ್ನ ಹಿಂದೆ ನಿಂತಳು. "ನಾನು ಬಡಿದ ಮೇಲೆ ಓಡು," ಎಂದಳು. ಸೌಟು ಎತ್ತುವುದರೊಳಗೆ ಅವನು ಹತ್ತು ಮಾರು ಆಚೆಗಿದ್ದ! ಮತ್ತೆ ಕೂರಿಸಿದಳು. ಮತ್ತೆ ಹಾಗೆಯೇ. ನಾಲ್ಕನೇ ದಿನ ಅವನು ನೆಲಕ್ಕೆ ಮುಷ್ಟಿ ಗುದ್ದಿ ಅತ್ತುಬಿಟ್ಟ.

"ಬೇಡವ್ವ! ನಿಲ್ಲೋದನ್ನ ಕಲಿತ್ರೆ, ಸೋತು ವಾಪಸ್ ಹೋದಾಗ ಗಣೀಲಿ ಸಾಯ್ತೀನಿ... ಅಪ್ಪನ ಹಂಗೇ ಸಾಯ್ತೀನಿ! ಈ ಕಾಲಿಗೆ ಎರಡೂ ಬರಲ್ಲ!"

ಕೆರಿಯಮ್ಮ ಸೌಟು ಕೆಳಗಿಟ್ಟಳು. ಮಗನ ಜೀವ ಉಳಿಸಿದ ಮಾತು ಅವಳದೇ. ಅದನ್ನು ತನ್ನ ಬಾಯಿಂದಲೇ ಅಳಿಸಬೇಕು! ಅವಳು ಮಗನ ನೆತ್ತಿಯ ಮೇಲೆ ಕೈಯಿಟ್ಟಳು.

"ಆಣೆ ಬಿಡಿಸಿದೀನಿ ಕಣಾ. ಇನ್ ಮೇಲೆ ಸದ್ದು ಕೇಳು... ನಿಮ್ಮಪ್ಪನ ತಟ್ಟೆ ಸದ್ದು ಇದು, ನಿನ್ನ ಕೊಲ್ಲಲ್ಲ. ವಾಪಸ್ ಹೋಗೋಕೆ ಆಗ್ಬಾರ್ದು ನೋಡು, ಅದಕ್ಕೇ ಕಲಿ!"

ಸಾಗರದ ಮೈದಾನದಲ್ಲಿ ಆ ಭಾನುವಾರ ಕಾಲಿಡಲು ಜಾಗವಿರಲಿಲ್ಲ. ಕೆರಿಯಮ್ಮ ಗಂಡನ ತಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದಳು. ಧರ್ಮಪ್ಪ ಹೆಂಡತಿ ಮಗುವನ್ನೂ ಗಣಿಯ ಹತ್ತಾರು ಜನರನ್ನೂ ಲಾರಿಯಲ್ಲಿ ತುಂಬಿಕೊಂಡು ತಮಾಷೆ ನೋಡಲು ಬಂದಿದ್ದ. "ಈಗ ಹಾರ್ತಾನೆ ನೋಡ್ರೋ!" ಎಂದು ಗೆರೆಯ ಬಳಿಯೇ ನಿಂತು ಕೂಗಿದ. ಆರು ಜನ ಸುಣ್ಣದ ಗೆರೆಗೆ ಬೆರಳೂರಿದರು. ಐವರ ಕಾಲಲ್ಲಿ ಮೊಳೆಯ ಶೂಗಳು, ದುಗ್ಗಪ್ಪನದು ಬರಿಗಾಲು.

"ಸೆಟ್!"

ಸೊಂಟಗಳು ಮೇಲೆದ್ದವು. ದುಗ್ಗಪ್ಪನ ಕಣ್ಣಿಗೆ ಕಿಡಿ ಕಂಡಿತು... ಬತ್ತಿ ಸುಡುತ್ತ ಕುಳಿಗೆ ಇಳಿಯುತ್ತಿದೆ... ಓಡು! ಮೀನಖಂಡಗಳು ಕಿತ್ತುಕೊಂಡು ಹೋಗುವ ಹಾಗೆ ಎಳೆದವು. ಬೆವರು ಮೂಗಿನ ತುದಿಯಿಂದ ಸುಣ್ಣದ ಮೇಲೆ ತೊಟ್ಟಿಕ್ಕಿತು. ಅಪ್ಪಾ! ಅವನು ಹಲ್ಲು ಕಚ್ಚಿ ನಿಂತ. ಸಾವಿನ ಮುಂದೆ ನಿಂತ ಹಾಗೆ ನಿಂತ.

ಢಂ!

ಐವರೂ ಹೊರಟಾಗಿತ್ತು. ತಾನು ಇನ್ನೂ ಬದುಕಿದ್ದೇನೆ ಎಂದು ದೇಹಕ್ಕೆ ತಿಳಿಯಲು ಬೇಕಾದ ಒಂದು ಕ್ಷಣ, ಅಷ್ಟೇ ತಡ. ಆಮೇಲೆ ಬರಿಗಾಲು ನೆಲ ಮುಟ್ಟಿದ್ದೇ ಯಾರಿಗೂ ಕಾಣಲಿಲ್ಲ. ಅರ್ಧದಲ್ಲಿ ಮೂವರು ಹಿಂದಾದರು, ಮುಕ್ಕಾಲಿಗೆ ನಾಲ್ಕನೆಯವನು. ಉಳಿದ ಐದನೆಯವನ ಪಕ್ಕದಲ್ಲಿ ಎದೆ ಮುಂದೆ ಚೆಲ್ಲಿ ದಾರ ಹರಿದು, ದುಗ್ಗಪ್ಪ ಮಣ್ಣಿಗೆ ಉರುಳಿದ!

ಸುಬ್ಬಯ್ಯ ಮೇಷ್ಟ್ರು ಅಳುತ್ತ ಬಂದು ಎಬ್ಬಿಸಿದರು. ಪೊಲೀಸ್ ಸಾಹೇಬರು ಕಾಗದ ಬಿಡಿಸಿ ಹೆಸರು ಬರೆದುಕೊಂಡರು. "ಒಂದನೇ ತಾರೀಕು ಬೆಂಗಳೂರಿಗೆ ಬಾ. ಓಟ ಕಲಿಸಿದ್ದು ಯಾರಪ್ಪ ನಿನಗೆ?"

ಜನರನ್ನು ತಳ್ಳಿಕೊಂಡು ಧರ್ಮಪ್ಪ ನುಗ್ಗಿದ. ದುಗ್ಗಪ್ಪನ ಹೆಗಲಿಗೆ ಕೈ ಹಾಕಿದ.

"ನಾನೇ ಸ್ವಾಮಿ! ನಮ್ಮ ಹುಡ್ಗ! ನನ್ ಕೈ ಕೆಳಗೆ ಬತ್ತಿ ಹಚ್ಚಿ ಹಚ್ಚಿ ಕಲಿತಿದ್ದು! ಹೇಳೋ ದುಗ್ಗ, ಕಲಿಸಿದ್ದು ಯಾರು ಅಂತ ಎಲ್ರಿಗೂ ಹೇಳು!"

ಲಾರಿಯಲ್ಲಿ ಬಂದವರೂ ಕಿವಿ ನಿಮಿರಿಸಿದರು. ದುಗ್ಗಪ್ಪನ ನಾಲಿಗೆಯ ತುದಿಯಲ್ಲಿ ಎಂಟೊಂಬತ್ತು ವರ್ಷದಿಂದ ಕಾದ ಪ್ರಶ್ನೆಯಿತ್ತು: ಅಪ್ಪನ ಬತ್ತಿ ಎಷ್ಟುದ್ದ ಕತ್ತರಿಸಿದ್ದೆ ಭಾವ? ಅಷ್ಟು ಕೇಳಿದ್ದರೆ ಸಾಕಿತ್ತು! ಆದರೆ ಜನರ ಸಂದಿಯಲ್ಲಿ ಅಕ್ಕ ಕಂಡಳು. ಮಗುವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಅವಳ ಕಣ್ಣು ಬೇಡುತ್ತಿತ್ತು... ಬೇಡ ತಮ್ಮಾ, ಇವತ್ತು ಸಂಜೆ ನಾನು ಆ ಮನೆಗೇ ಹೋಗಬೇಕು...

"ಹೇಳೋ! ಬಾಯಿ ಬಿದ್ದು ಹೋಗಿದ್ಯಾ?"

ದುಗ್ಗಪ್ಪ ಭಾವನ ಕೈಯನ್ನು ಹೆಗಲಿನಿಂದ ಮೆಲ್ಲಗೆ ಎತ್ತಿ ಇಳಿಸಿದ. ಅವ್ವನ ಬಳಿ ಹೋಗಿ, ಅವಳ ಕಂಕುಳಲ್ಲಿದ್ದ ಕಂಚಿನ ತಟ್ಟೆ ತೆಗೆದುಕೊಂಡ. ಧರ್ಮಪ್ಪ ಹಿಂದಿನಿಂದ ಏನೋ ಕೂಗಿ ಜೋರಾಗಿ ನಕ್ಕ. ಈ ಸಲ ಅವನ ಜೊತೆ ಯಾರೂ ನಗಲಿಲ್ಲ. ದುಗ್ಗಪ್ಪ ತಿರುಗಿ ನೋಡಲಿಲ್ಲ. ಅವ್ವನ ಹೆಜ್ಜೆಗೆ ಹೆಜ್ಜೆ ಸೇರಿಸಿ, ನಿಧಾನವಾಗಿ, ಬಸ್ ಸ್ಟ್ಯಾಂಡಿನ ಕಡೆ ನಡೆದ.